ಹಕಾರದ ಕಾವಲು

ನಾಟಕ ಸಂಘದಲ್ಲಿ ಬದುಕು ಕಳೆದವನು ಎಂದರೆ ಜನ ಮೊದಲು ಕೇಳುವುದು "ಯಾವ ಪಾತ್ರ ಮಾಡುತ್ತಿದ್ದಿರಿ?" ಎಂದು. ಯಾವ ಪಾತ್ರವೂ ಇಲ್ಲ ಎಂದಾಗ ಅವರ ಮುಖ ಸಪ್ಪಗಾಗುತ್ತದೆ. ನಾನು ಪಾಠ ಬರೆಯುವವನು. ನಾಟಕ ನಡೆಯುವಾಗ ಪಕ್ಕದ ಪರದೆಯ ಮರೆಯಲ್ಲಿ ನಿಂತು, ಮರೆತವರಿಗೆ ಮಾತು ಎತ್ತಿಕೊಡುವವನು. ನೀವು ಪ್ರಾಂಪ್ಟರ್ ಎನ್ನುತ್ತೀರಿ, ನಮ್ಮ ಬೋರೇಗೌಡರು "ಪರಾಂಟ್ರು" ಎನ್ನುತ್ತಿದ್ದರು. ನಲವತ್ತು ವರ್ಷ ಈ ಕೆಲಸ ಮಾಡಿದೆ. ಮಳವಳ್ಳಿಯಲ್ಲಿ ಒಮ್ಮೆ ಪರದೆ ಕಿತ್ತುಬಿದ್ದು ಜನರಿಗೆ ಕಂಡದ್ದನ್ನು ಬಿಟ್ಟರೆ ರಂಗದ ಮೇಲೆ ನಾನು ಬಂದವನಲ್ಲ.

ಈಚೆಗೆ ಹೊಸದಾಗಿ ನಾಟಕ ಕಟ್ಟಲು ಹೊರಟಿರುವ ನಾಲ್ಕಾರು ಹುಡುಗ ಹುಡುಗಿಯರು ಮನೆಗೆ ಬಂದು "ನಿಮ್ಮ ಕೆಲಸ ಹೇಗಿತ್ತು, ಬರೆದುಕೊಡಿ ತಾತ" ಎಂದರು. ಒಬ್ಬೊಬ್ಬರ ಕೈಯಲ್ಲೂ ಜೆರಾಕ್ಸ್ ಮಾಡಿಸಿದ ಇಡೀ ನಾಟಕ. ನೋಡಿ ಹೊಟ್ಟೆಯುರಿಯಿತು, ಮುಚ್ಚಿಡುವುದೇಕೆ. ನನಗೆ ಸಿಕ್ಕ ಶಾಲು, ಹಾರ, ಸನ್ಮಾನಗಳ ಕತೆ ಅವರಿಗೆ ಬೇಡ, ನನಗೂ ಬೇಡ. ನಾನು ಮಾಡಿದ ತಪ್ಪುಗಳನ್ನು ಹೇಳುತ್ತೇನೆ. ಅದರಲ್ಲಿ ಒಂದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಯಾರಿಗೆ ತಿಳಿಯಬಾರದಾಗಿತ್ತೋ ಆ ಮನುಷ್ಯ ಹೋದ ವರ್ಷ ತೀರಿಕೊಂಡ, ಅದಕ್ಕೆ ಈಗ ಬರೆಯುತ್ತಿದ್ದೇನೆ.

ನಾನು ಮದ್ದೂರಿನ ಒಂದು ಬೆಲ್ಲದ ಮಂಡಿಯಲ್ಲಿ ಗುಮಾಸ್ತನಾಗಿದ್ದೆ. ಇನ್ನೂ ಎರಡನೆಯ ಮಹಾಯುದ್ಧ ಶುರುವಾಗಿರಲಿಲ್ಲ. ಮಂಡಿಯ ಅಟ್ಟದ ಮೇಲೆ ನಮ್ಮ ಕಲಾ ಸಂಘದ ತಾಲೀಮು ನಡೆಯುತ್ತಿತ್ತು. ಸಂಘ ಎಂದರೆ ದೊಡ್ಡದೇನಲ್ಲ. ಹಗಲೆಲ್ಲ ಕಬ್ಬು ಕಡಿದವರು, ಬಟ್ಟೆ ಹೊಲಿದವರು, ಗಾಡಿ ಚಕ್ರಕ್ಕೆ ಪಟ್ಟಿ ಹಾಕಿದವರು ಸಂಜೆ ಮುಂದೆ ಬಂದು ಕೂಡುತ್ತಿದ್ದರು. ಹಾರ್ಮೋನಿಯಂ ನುಡಿಸುತ್ತಿದ್ದವರು ಜಬ್ಬಾರ್ ಸಾಬರು. ಅವರಿಗೆ ಪೇಟೆ ಬೀದಿಯಲ್ಲಿ ತಗಡಿನ ಅಂಗಡಿ. ಬಕೆಟ್ಟಿಗೆ ತಳ ಹಾಕುವ ಕೈಯಲ್ಲೇ ಕಲ್ಯಾಣಿ ರಾಗ ನುಡಿಸುತ್ತಿದ್ದರು. ಹೆಣ್ಣುಪಾತ್ರಕ್ಕೆ ಕೆಂಪಯ್ಯ ಎಂಬ ತೆಳ್ಳನೆಯ ಯುವಕ. ರಾಜ, ಭೀಮ, ಅಪ್ಪ, ಯಾವುದಾದರೂ ಸರಿ, ಗಂಟಲು ಬೇಕಾದ ಪಾತ್ರಕ್ಕೆಲ್ಲ ಬೆಸಗರಹಳ್ಳಿಯ ಬೋರೇಗೌಡರು. ಅವರಿಗೆ ಓದು ಬರುತ್ತಿರಲಿಲ್ಲ, ಆದರೆ ಅವರು ಮದ್ದೂರಿನಲ್ಲಿ ಕೂಗಿದರೆ ಶಿಂಷೆಯ ಆಚೆ ದಡದಲ್ಲಿ ಎತ್ತು ಬೆದರುತ್ತದೆ ಎಂದು ನಾವು ರೇಗಿಸುತ್ತಿದ್ದೆವು. ನನ್ನ ಅಕ್ಷರ ದುಂಡಗಿತ್ತು ಎನ್ನುವ ಒಂದೇ ಕಾರಣಕ್ಕೆ ನನ್ನನ್ನು ಮಂಡಿಯ ಕೆಳಗಿನಿಂದ ಅಟ್ಟಕ್ಕೆ ಕರೆದುಕೊಂಡರು.

ಪಾಠ ಬರೆಯುವುದು ಎಂದರೆ ಇದು: ಇಡೀ ನಾಟಕ ಒಂದೇ ಪುಸ್ತಕದಲ್ಲಿ ಇರುತ್ತದೆ. ಎಲ್ಲರಿಗೂ ಇಡೀ ಪುಸ್ತಕ ಬರೆದುಕೊಡಲು ಯಾರಿಂದಾದೀತು? ರಾಜನಿಗೆ ರಾಜನ ಮಾತು ಮಾತ್ರ, ರಾಣಿಗೆ ರಾಣಿಯದು ಮಾತ್ರ ಬೇರೆ ಬೇರೆ ಬರೆದುಕೊಡಬೇಕು. ತನ್ನ ಸರದಿ ಯಾವಾಗ ಎಂದು ತಿಳಿಯಲು, ಹಿಂದಿನವನ ಮಾತಿನ ಕೊನೆಯ ಪದವನ್ನು ಮೇಲೆ ಬರೆಯಬೇಕು. ಆ ಪದ ಕಿವಿಗೆ ಬಿದ್ದೊಡನೆ ಬಾಯಿ ತೆರೆಯಬೇಕು. ಉಳಿದ ಕತೆ ಅವನಿಗೆ ತಿಳಿಯದಿದ್ದರೂ ನಡೆಯುತ್ತದೆ.

ನನ್ನ ಮೊದಲ ತಪ್ಪು ಅಲ್ಲೇ ಆಯಿತು. ಮಳವಳ್ಳಿಯಲ್ಲಿ ಆಡಿದ ಒಂದು ರಾಜರಾಣಿಯರ ನಾಟಕದಲ್ಲಿ ರಾಣಿಯ ಎರಡು ಮಾತು "ಪ್ರಾಣನಾಥ" ಎಂದೇ ಮುಗಿಯುತ್ತಿದ್ದವು. ಒಂದು ಮೊದಲ ಅಂಕದಲ್ಲಿ, ಇನ್ನೊಂದು ಮೂರನೆಯದರಲ್ಲಿ. ನಾನು ಎರಡು ಕಡೆಯೂ ಆ ಒಂದೇ ಪದ ಬರೆದು, ಓದು ಬಾರದ ಬೋರೇಗೌಡರಿಗೆ ಅದನ್ನೇ ಓದಿ ಬಾಯಿಪಾಠ ಮಾಡಿಸಿದ್ದೆ. ಕೆಂಪಯ್ಯ ರಾಣಿಯಾಗಿ ನಾಚಿಕೊಂಡು "ನಾನೀಗ ಬಸುರಿ, ಪ್ರಾಣನಾಥ" ಎಂದ. ಬೋರೇಗೌಡರು ಎದೆ ಬಡಿದುಕೊಂಡು "ಅಯ್ಯೋ ಮಗನೇ, ನನ್ನ ಬಿಟ್ಟು ಓದೆಯಾ!" ಎಂದು ನೆಲಕ್ಕೆ ಬಿದ್ದು ಅತ್ತರು. ಚೆನ್ನಾಗಿಯೇ ಅತ್ತರು. ಜನರಲ್ಲಿ ಒಬ್ಬ ಎದ್ದು ನಿಂತು "ಉಟ್ಟೇ ಇಲ್ಲ, ಆಗ್ಲೇ ಸತ್ನಾ ಗೌಡ್ರೇ!" ಎಂದ. ಅಂದಿನಿಂದ ಹಿಂದಿನವನ ಕೊನೆಯ ಪದ ಒಂದನ್ನೇ ಅಲ್ಲ, ಮೂರು ಪದ ಬರೆಯುವುದನ್ನು ರೂಢಿ ಮಾಡಿಕೊಂಡೆ. ನೀವೂ ಮಾಡಿಕೊಳ್ಳಿ.

ಸಂಘದ ಅಧ್ಯಕ್ಷರು ಕಂದಾಯ ಕಚೇರಿಯ ನಿವೃತ್ತ ಶೇಕದಾರರು. ಅವರಿಗೆ ಭಾಷಾಶುದ್ಧಿಯ ಹುಚ್ಚು. ನಮ್ಮ ಸೀಮೆಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ ಎಂಬುದು ನಿಮಗೆ ಗೊತ್ತಿರುವುದೇ. ಹಳ್ಳಿ ಅಳ್ಳಿಯಾಗುತ್ತದೆ, ಹೋಗು ಓಗು ಆಗುತ್ತದೆ. "ಹಸ್ತಿನಾವತಿ ಅಸ್ತಿನಾವತಿ ಆದರೆ ಅದು ಯಾವ ಊರಯ್ಯ?" ಎಂದು ಅವರು ನನ್ನನ್ನು ಕರೆದು, "ಇನ್ನು ಮೇಲೆ ಹಕಾರದ ಜವಾಬ್ದಾರಿ ನಿನ್ನದು" ಎಂದರು. ಇಪ್ಪತ್ತು ವಯಸ್ಸಿನವನಿಗೆ ಜವಾಬ್ದಾರಿ ಸಿಕ್ಕರೆ ಕೇಳಬೇಕೇ? ಪ್ರತಿಯೊಬ್ಬರ ಪಾಠದಲ್ಲೂ ಹಕಾರಗಳಿಗೆ ಕೆಂಪು ಮಸಿಯಿಂದ ಸುತ್ತು ಹಾಕಿದೆ. ಬಾಯಿಯ ಮುಂದೆ ಒಂದು ಕಾಗದದ ಚೂರು ಹಿಡಿದು ಮಾತಾಡಿಸುತ್ತಿದ್ದೆ. ಹ ಸರಿಯಾಗಿ ಬಂದರೆ ಉಸಿರಿಗೆ ಕಾಗದ ಅಲುಗಬೇಕು. ಅಲುಗದಿದ್ದರೆ ಮತ್ತೆ ಹೇಳಬೇಕು. ನನ್ನ ಅಪ್ಪನ ವಯಸ್ಸಿನವರನ್ನು ಹೀಗೆ ನಿಲ್ಲಿಸಿ ಕಾಡಿದ್ದೇನೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಬೋರೇಗೌಡರು ಮೂರು ತಿಂಗಳು ಕಾಗದ ಅಲುಗಿಸಿದರು. ಆಮೇಲೆ ಪೂರಿಗಾಲಿಯಲ್ಲಿ ಭೀಮನಾಗಿ ರಂಗಕ್ಕೆ ಬಂದರು. ಹ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದು ಅವರಿಗೆ ಕಲಸಿಹೋಗಿತ್ತು. ಯಾವುದಕ್ಕೂ ಇರಲಿ ಎಂದು ಎಲ್ಲದಕ್ಕೂ ಹಾಕಿದರು. "ಹಣ್ಣಾ ಧರ್ಮರಾಯಾ! ಹರ್ಜುನಾ, ಹೆಲ್ಲಿರುವೆ!" ಎಂದು ಗರ್ಜಿಸಿದಾಗ ಮುಂದೆ ಕುಳಿತಿದ್ದ ಮುದುಕಿಯೊಬ್ಬಳು "ಯಾವ ಅಣ್ಣು ಕಣಪ್ಪಾ, ಬಾಳೆಯೋ ಅಲಸೋ?" ಎಂದಳು. ಧರ್ಮರಾಯನೇ ನಕ್ಕುಬಿಟ್ಟ.

ಮುಖದ ಬಣ್ಣ ಒರೆಸಿಕೊಳ್ಳುತ್ತ ಬೋರೇಗೌಡರು ನನಗೆ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: "ಲೇ ನಂಜುಂಡ, ನಿನ್ನ ಅಕ್ಸರವ ನೀನೇ ಮಡೀಕೋ ಕಣ್ಲಾ. ನಮ್ಮಪ್ಪನ ಬಾಯ್ನಲ್ಲಿ ಇಲ್ದೇ ಇದ್ದುದ್ದು ನನ್ನ ಬಾಯ್ಗೆ ಎಲ್ಲಿಂದ ಬಂದದು?"

ಮುಂದಿನ ಸಭೆಯಲ್ಲಿ "ಬೋರೇಗೌಡರ ಉಚ್ಚಾರಣೆಗೆ ಯಾರೂ ಕೈ ಹಾಕತಕ್ಕದ್ದಲ್ಲ" ಎಂದು ಸಂಘ ತೀರ್ಮಾನಿಸಿತು. ಅದನ್ನು ನಡವಳಿ ಪುಸ್ತಕದಲ್ಲಿ ಬರೆದದ್ದು ನಾನೇ. ಆದರೆ ಉಳಿದವರ ಹಕಾರಕ್ಕೆ ನನ್ನ ಕಾವಲು ಮುಂದುವರಿಯಿತು.

ಯುದ್ಧ ಬಂತು. ಸೀಮೆಎಣ್ಣೆಗೆ ತತ್ವಾರವಾದಾಗ ನಾಟಕಗಳನ್ನು ಹಗಲು ಹೊತ್ತಿನಲ್ಲೇ ಆಡತೊಡಗಿದೆವು. ಕೊಕ್ಕರೆ ಬೆಳ್ಳೂರಿನಲ್ಲಿ ಹುಣಸೆ ಮರಗಳ ಕೆಳಗೆ ಆಡಿದಾಗ, ಮೇಲಿನ ಗೂಡುಗಳಲ್ಲಿದ್ದ ಕೊಕ್ಕರೆ ಮರಿಗಳ ಗದ್ದಲದಲ್ಲಿ ನಾನು ಎತ್ತಿಕೊಟ್ಟ ಒಂದು ಮಾತೂ ಯಾರಿಗೂ ಕೇಳಲಿಲ್ಲ. ಕೆಂಪಯ್ಯನ ಸೀರೆಯ ಮೇಲೆ ಬಿದ್ದದ್ದನ್ನು ಇಲ್ಲಿ ಬರೆಯುವುದಿಲ್ಲ. ಇದೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಕಾಗದದ ಬರ. ಅಂಗಡಿಯಲ್ಲಿ ಒಂದು ದಸ್ತು ಕಾಗದ ಕೇಳಿದರೆ, ಮನೆಗೆ ಹೆಣ್ಣು ಕೇಳಲು ಬಂದವನನ್ನು ನೋಡಿದಂತೆ ಮೇಲಿನಿಂದ ಕೆಳಗೆ ನೋಡುತ್ತಿದ್ದರು.

ಆ ಸಮಯದಲ್ಲೇ ಚನ್ನಪ್ಪ ಮೇಷ್ಟ್ರು ತಮ್ಮ ನಾಟಕ ತಂದುಕೊಟ್ಟರು. ಅವರು ಬೆಸಗರಹಳ್ಳಿಯವರು, ಸ್ಕೂಲು ಮೇಷ್ಟ್ರು, ಉಬ್ಬಸದ ಮನುಷ್ಯ, ಮಾತು ಕಡಿಮೆ. ನಮ್ಮ ಸಂಘಕ್ಕೆ ಹಾಡು ಕಟ್ಟಿಕೊಡುತ್ತಿದ್ದರು, ನಾಟಕ ಬರೆದದ್ದು ಅದೊಂದೇ. ಅದಕ್ಕೆ ಹೆಸರನ್ನೂ ಇಟ್ಟಿರಲಿಲ್ಲ. ನಾವು ಮೇಷ್ಟ್ರ ನಾಟಕ ಎನ್ನುತ್ತಿದ್ದೆವು. ರಾಜ ರಾಣಿ ಯಾರೂ ಇಲ್ಲ. ಒಬ್ಬ ರೈತ, ಅವನ ಹೆಂಡತಿ, ಒಬ್ಬನೇ ಮಗ, ಐದು ಜನ ನೆರೆಹೊರೆಯವರು. ಮಗ ಊರು ಬಿಟ್ಟು ಮಂಡ್ಯದ ಕಾರ್ಖಾನೆಗೆ ಕೂಲಿಗೆ ಹೋಗುತ್ತೇನೆ ಎನ್ನುತ್ತಾನೆ, ಅಪ್ಪ ಬೇಡ ಎನ್ನುತ್ತಾನೆ. ಅಷ್ಟೇ ಕತೆ.

ಅದು ಯಾರ ಮನೆಯ ಕತೆ ಎಂದು ಅಟ್ಟದ ಮೇಲಿದ್ದ ಎಲ್ಲರಿಗೂ ಗೊತ್ತಿತ್ತು. ಮೇಷ್ಟ್ರ ಒಬ್ಬನೇ ಮಗ ಸೋಮಣ್ಣ. ಅವನೂ ತಮ್ಮಂತೆ ಮೇಷ್ಟ್ರಾಗಬೇಕೆಂದು ಅವರು ಹೊಟ್ಟೆ ಬಟ್ಟೆ ಕಟ್ಟಿ ಓದಿಸಿದ್ದರು. ಅವನು ಓದು ಬಿಟ್ಟು ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕೂಲಿಯಾಗಿ ಸೇರಿಕೊಂಡ. ಜಗಳವಾಗಿ, ಅಪ್ಪ ಮಗ ಒಂದು ವರ್ಷದಿಂದ ಮುಖ ನೋಡಿರಲಿಲ್ಲ.

"ನಂಜುಂಡ, ಇರೋದು ಇದೊಂದೇ ಪ್ರತಿ. ಜೋಪಾನ ಕಣಪ್ಪ" ಎಂದು ಮೇಷ್ಟ್ರು ನನ್ನ ಕೈಗಿಟ್ಟರು. ಹಳೆಯ ಪರೀಕ್ಷೆ ಕಾಗದಗಳ ಹಿಂಬದಿಯಲ್ಲಿ ಬರೆದದ್ದು.

ಈಗ ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ಎಂಟು ಜನರಿಗೆ ಪಾಠ ಬರೆದುಕೊಡಬೇಕು, ನನ್ನ ಬಳಿ ಎಂಟು ಹಾಳೆಯೂ ಇಲ್ಲ. ಎರಡು ದಿನ ಯೋಚಿಸಿದೆ. ಮೂರನೆಯ ದಿನ ಬುದ್ಧಿವಂತಿಕೆ ಹೊಳೆಯಿತು. ಮೇಷ್ಟ್ರು ಒಂದೇ ಮಗ್ಗುಲಿಗೆ ಬರೆದಿದ್ದಾರೆ. ನಕಲು ಏಕೆ ಮಾಡಬೇಕು? ದರ್ಜಿಯ ಕತ್ತರಿ ತಂದೆ. ಒಂದೊಂದು ಮಾತನ್ನೂ ಕತ್ತರಿಸಿ, ಅಪ್ಪನದು ಒಂದು ಕಡೆ, ಅಮ್ಮನದು ಒಂದು ಕಡೆ, ಮಗನದು ಒಂದು ಕಡೆ ಗುಡ್ಡೆ ಹಾಕಿದೆ. ಹಳೆಯ ಪರದೆಯ ಬಟ್ಟೆಯನ್ನು ಉದ್ದಕ್ಕೆ ಪಟ್ಟಿಯಾಗಿ ಹರಿದು, ಹುಣಸೆ ಬೀಜದ ಅಂಟಿನಲ್ಲಿ ಚೂರುಗಳನ್ನು ಸಾಲಾಗಿ ಅಂಟಿಸಿದೆ. ಹಿಂದಿನವನ ಕೊನೆಯ ಮೂರು ಪದಗಳನ್ನು ಪೆನ್ಸಿಲಿನಲ್ಲಿ ಸೇರಿಸಿದೆ. ಜಾತಕದಂತೆ ಸುತ್ತಿ, ದಾರ ಕಟ್ಟಿ, ಒಬ್ಬೊಬ್ಬರಿಗೂ ಒಂದೊಂದು ಸುರುಳಿ ಹಂಚಿದೆ. ಕತ್ತರಿಸುವಾಗ ಓದಿದೆಯಾ ಎಂದು ಕೇಳಬೇಡಿ. ಯಾರ ಮಾತು ಎಂದು ತಿಳಿಯಲು ಪ್ರತಿಯೊಂದರ ತಲೆ ನೋಡಿದೆ, ಅಷ್ಟೇ. ಅಂಟು ಒಣಗುವುದರೊಳಗೆ ಮುಗಿಸುವ ಆತುರ.

ತಾಲೀಮಿನ ಮೊದಲ ದಿನ ಕೆಂಪಯ್ಯ ಒಂದು ಮಾತು ಮರೆತು ನನ್ನ ಕಡೆ ನೋಡಿದ. ನಾನು ಪುಸ್ತಕ ನೋಡಲು ಕೈ ಚಾಚಿದೆ. ಎಲ್ಲರ ಕೈಯಲ್ಲೂ ಸುರುಳಿ ಇತ್ತು, ನನ್ನ ಕೈಯಲ್ಲಿ ಕತ್ತರಿ ಇತ್ತು. ಮಾತು ಎತ್ತಿಕೊಡುವವನಿಗೇ ಪುಸ್ತಕವಿಲ್ಲದಂತೆ ಮಾಡಿಕೊಂಡಿದ್ದೆ. ಜಬ್ಬಾರ್ ಸಾಬರು ಹಾರ್ಮೋನಿಯಂ ತಿದಿ ನಿಲ್ಲಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕರು. "ಕೂತಿರೋ ಕೊಂಬೆನೇ ಕಡ್ದ್ರಲ್ಲ ನಂಜುಂಡಣ್ಣ!"

ಮೇಷ್ಟ್ರಿಗೆ ಹೇಳುವ ಧೈರ್ಯವಾಗಲಿಲ್ಲ. ಅವರು ಉಬ್ಬಸದಿಂದ ಅಟ್ಟ ಹತ್ತುತ್ತಿರಲಿಲ್ಲ, ಹಾಗಾಗಿ ಬಚಾವಾದೆ. ಬೋರೇಗೌಡರಿಗೆ ಅವರ ಪಾಠವನ್ನು ಮೇಷ್ಟ್ರೇ ಬೆಸಗರಹಳ್ಳಿಯಲ್ಲಿ, ಜಗಲಿಯ ಮೇಲೆ ಕೂರಿಸಿಕೊಂಡು, ನೆನಪಿನಿಂದಲೇ ಹೇಳಿಕೊಟ್ಟರು. ಬೋರೇಗೌಡರು ಓದು ಬಾರದವರಾದ್ದರಿಂದ ನಾನು ಕೊಟ್ಟ ಸುರುಳಿಯನ್ನು ಮನೆಯ ಸೂರಿಗೆ ಸಿಕ್ಕಿಸಿ ಮರೆತರು.

ಮದ್ದೂರಿನಲ್ಲಿ ಆ ನಾಟಕ ಆಡಿದ್ದು ಒಂದು ಭಾನುವಾರ ಮಧ್ಯಾಹ್ನ. ಸೋಮಣ್ಣನೂ ಬಂದಿದ್ದ. ಕಾರ್ಖಾನೆಯ ಖಾಕಿ ಅಂಗಿಯಲ್ಲೇ, ಜನರ ಹಿಂದೆ, ಕಂಬಕ್ಕೆ ಒರಗಿ ನಿಂತಿದ್ದ. ಮೇಷ್ಟ್ರು ಮುಂದಿನ ಬೆಂಚಿನಲ್ಲಿ ಕುಳಿತಿದ್ದರು, ತಿರುಗಿ ನೋಡಲಿಲ್ಲ. ಕೊನೆಯ ದೃಶ್ಯದಲ್ಲಿ ಮಗ ಗಂಟು ಹೊತ್ತು ಹೊರಡುತ್ತಾನೆ. ಅಪ್ಪ ಬಾಗಿಲಲ್ಲಿ ನಿಂತು ಕೊನೆಯ ಮಾತು ಆಡುತ್ತಾನೆ. ಭೀಮನಾಗಿ ಗರ್ಜಿಸುತ್ತಿದ್ದ ಬೋರೇಗೌಡರಿಗೆ ಅಂದು ಏನಾಯಿತೋ, ಕಣ್ಣಲ್ಲಿ ನೀರು ಬಂತು. ಮೆಲ್ಲನೆ ಅಂದರು: "ಓಗು ಮಗನೇ, ಆಳಾಗು."

"ಆಳಾಗಿ ದುಡಿ, ಅರಸಾಗಿ ಉಣ್ಣು" ಎಂಬ ಗಾದೆ ಯಾರಿಗೆ ಗೊತ್ತಿಲ್ಲ? ಜಗಳವಾಡಿದ ಅಪ್ಪ ಕೊನೆಗೆ ಹರಸಿ ಕಳಿಸಿದ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಪರದೆಯ ಮರೆಯಲ್ಲಿ ಅತ್ತೆ. ಜನ ಕರಗಿದ ಮೇಲೆ ಸೋಮಣ್ಣ ಮುಂದೆ ಬಂದು ಅಪ್ಪನ ಕಾಲು ಮುಟ್ಟಿ ಏನೋ ಅಂದದ್ದನ್ನು ದೂರದಿಂದ ನೋಡಿದೆ. ಇಬ್ಬರೂ ಒಂದೇ ಗಾಡಿಯಲ್ಲಿ ಬೆಸಗರಹಳ್ಳಿಗೆ ಹೋದರು. ಆಮೇಲೆ ಅವನು ರಜೆ ಸಿಕ್ಕಾಗಲೆಲ್ಲ ಊರಿಗೆ ಬರುತ್ತಿದ್ದ.

ಯುದ್ಧ ಮುಗಿಯಿತು. ಕೆಂಪಯ್ಯ ಮಳವಳ್ಳಿಯಲ್ಲಿ ಬಸ್ಸಿನ ಕಂಡಕ್ಟರನಾಗಿ ಸೇರಿಕೊಂಡ. ಸುರುಳಿಗಳು ಯಾರ ಯಾರ ಮನೆಯಲ್ಲೋ ಉಳಿದವು. ನಾಟಕವನ್ನು ಮತ್ತೆ ಆಡಲಿಲ್ಲ. ಸ್ವಾತಂತ್ರ್ಯ ಬಂದ ವರ್ಷ, ಸಂಕ್ರಾಂತಿ ಕಳೆದ ಮೇಲೆ ಬೋರೇಗೌಡರು ಮಂಡಿಗೆ ಬಂದರು.

"ಮೇಷ್ಟ್ರು ಆಸ್ಗೆ ಇಡ್ದವ್ರೆ ಕಣ್ಲಾ. ಅವ್ರ ನಾಟ್ಕದ ಪುಸ್ತಕ ಬೇಕಂತೆ. ಸೋಮ ಅದ್ನ ಅಚ್ಚಾಕಿಸ್ತಾನಂತೆ. ಅವನ ಕೈಗೆ ಓಗೋಕೆ ಮುಂಚೆ ನನ್ನ ಕೈಗೆ ತಂದ್ಕೊಡ್ಲಿ, ಅಂತ ಏಳವ್ರೆ."

"ನಕಲು ತೆಗೆಯೋದು ಇನ್ನೊಂಚೂರು ಬಾಕಿ ಇದೆ ಅಂತ ಹೇಳಿ" ಎಂದು ಸುಳ್ಳು ಹೇಳಿ ಕಳಿಸಿದೆ. ಮುಂದಿನ ವಾರ ಮೇಷ್ಟ್ರು ಮತ್ತೆ ಹೇಳಿಕಳಿಸಿದರು. ಅದರ ಮುಂದಿನ ವಾರವೂ. ಸಾಯುವ ಮನುಷ್ಯ ತನ್ನ ಪುಸ್ತಕ ಕೇಳುತ್ತಿದ್ದಾನೆ, ನಾನು ಅದನ್ನು ಕತ್ತರಿಸಿ ಎಂಟು ದಿಕ್ಕಿಗೆ ಹಂಚಿ ಕೂತಿದ್ದೇನೆ.

ಮಂಡಿಗೆ ರಜೆ ಹಾಕಿ ಸುರುಳಿ ಹುಡುಕಲು ಹೊರಟೆ. ಮಳವಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಕೆಂಪಯ್ಯ ಸಿಕ್ಕ. ಅವನ ಟ್ರಂಕಿನಲ್ಲಿ ಅಮ್ಮನ ಪಾಠ ಇತ್ತು, ಅರ್ಧ ಗೆದ್ದಲು ತಿಂದಿತ್ತು. "ನನ್ನ ಪಾಠ ನನ್ಗೆ ಬಾಯ್ಗೆ ಬತ್ತದೆ, ಬೇರೇರ್ದು ನಂಗೇನು ಗೊತ್ತು?" ಎಂದ. ಮಗನ ಪಾತ್ರ ಮಾಡಿದ್ದ ದರ್ಜಿ ಸುರುಳಿಯ ಬಟ್ಟೆಯನ್ನು ತೊಳೆದು ಜೇಬಿನ ಅಸ್ತರಕ್ಕೆ ಹಾಕಿ ಹೊಲಿದಿದ್ದ. ಬೋರೇಗೌಡರ ಮನೆಯ ಸೂರನ್ನೆಲ್ಲ ನಾನೂ ಅವರೂ ಏಣಿ ಹಾಕಿ ತಡಕಿದೆವು. ಮಸಿ, ಗುಬ್ಬಿಗೂಡು, ಒಂದು ಹಳೆಯ ಕುಡುಗೋಲು ಸಿಕ್ಕವು. ಉಳಿದವರ ಬಳಿ ಅದೂ ಇಲ್ಲ.

ವಾಪಸು ಬಂದು ಜಬ್ಬಾರ್ ಸಾಬರ ಅಂಗಡಿಯ ಮುಂದೆ ಕುಕ್ಕರಿಸಿದೆ. ಅವರು ಒಂದು ಆಲಿಕೆಗೆ ಬೆಸುಗೆ ಹಾಕುತ್ತಿದ್ದರು.

"ಯಾಕೆ ನಂಜುಂಡಣ್ಣ, ಮೋರೆ ಇಂಗೆ ಮಾಡ್ಕಂಡಿದ್ದೀರಿ?"

ಎಲ್ಲ ಹೇಳಿದೆ. ಅವರು ಆಲಿಕೆಯನ್ನು ಕೆಳಗಿಟ್ಟು, ಒಳಗೆ ಹೋಗಿ, ತಗಡಿನ ಪೆಟ್ಟಿಗೆಯಿಂದ ಒಂದು ಹಳೆಯ ದಪ್ಪ ನೋಟುಬುಕ್ಕು ತಂದರು. ತಾಲೀಮಿನಲ್ಲಿ ಅವರು ಅದರಲ್ಲಿ ಏನೋ ಗೀಚುತ್ತಿದ್ದುದನ್ನು ನಾವೆಲ್ಲ ನೋಡಿದ್ದೆವು. ಹಾಡಿನ ಗುರುತು ಇರಬೇಕು ಎಂದುಕೊಂಡಿದ್ದೆವು.

"ನಾಟ್ಕ ಎಲ್ಲೋಯ್ತದೆ? ನನ್ನತ್ರ ಅದೆ. ಯಾವ ಮಾತಾದ್ಮೇಲೆ ಯಾವ ಆಡು ಅಂತ ಆರ್ಮೋನಿ ಪೆಟ್ಗೆ ಬಾರ್ಸೋನ್ಗೆ ಗೊತ್ತಾಗ್ಬೇಕಲ್ಲ? ಅದ್ಕೇ ಎಲ್ರದ್ದೂ ಬರ್ಕಂಡೆ."

ತೆರೆದು ನೋಡಿದೆ. ಬಲದಿಂದ ಎಡಕ್ಕೆ, ಪುಟಗಟ್ಟಲೆ ಉರ್ದು ಅಕ್ಷರ. ಸಾಬರಿಗೆ ಕನ್ನಡ ಮಾತೃಭಾಷೆಯಷ್ಟೇ ಸಲೀಸು, ಆದರೆ ಕನ್ನಡ ಅಕ್ಷರ ಕಲಿತಿರಲಿಲ್ಲ. ಮಸೀದಿಯ ಪಾಠದಲ್ಲಿ ಕಲಿತ ಅಕ್ಷರದಲ್ಲಿ ನಮ್ಮ ಬೆಸಗರಹಳ್ಳಿಯ ರೈತನ ಮನೆಯ ಜಗಳವನ್ನು ಒಂದು ಮಾತೂ ಬಿಡದೆ ಹಿಡಿದಿಟ್ಟಿದ್ದರು. ನನಗೆ ಅವರ ಕಾಲು ಹಿಡಿಯಬೇಕು ಅನ್ನಿಸಿತು. ಕೈ ಹಿಡಿದುಕೊಂಡೆ.

ಅಂದಿನಿಂದ ದಿನವೂ ಮಧ್ಯಾಹ್ನ ಅಂಗಡಿಯಲ್ಲಿ ಕುಳಿತೆವು. ಸಾಬರು ಓದುವುದು, ನಾನು ಬರೆಯುವುದು. ಅಷ್ಟು ಹೊತ್ತಿಗೆ ಕಾಗದ ಮತ್ತೆ ಸಿಗತೊಡಗಿತ್ತು. ಕೆಲಸ ಅಂದುಕೊಂಡಷ್ಟು ಸುಲಭವಿರಲಿಲ್ಲ. ಅವರ ಬರವಣಿಗೆಯಲ್ಲಿ ಲಕಾರ ಳಕಾರ ಎರಡಕ್ಕೂ ಒಂದೇ ಅಕ್ಷರ. ಅದೂ ಅಲ್ಲದೆ ಅವರು ಬರೆದುಕೊಂಡದ್ದು ನಮ್ಮ ನಟರ ಬಾಯಲ್ಲಿ ಕೇಳಿದಂತೆ. ಬೋರೇಗೌಡರ ಮಾತಿನಲ್ಲಂತೂ ಒಂದೇ ಒಂದು ಹ ಇಲ್ಲ. "ಇದು ಅಲ್ಲಿನೋ ಅಳ್ಳಿನೋ?" ಎಂದು ಸಾಬರು ತಡವರಿಸಿದಾಗ, ಹಿಂದೆ ಮುಂದೆ ನೋಡಿ, ಹಳ್ಳಿ ಎಂದು ನಾನು ತೀರ್ಮಾನಿಸಬೇಕು. ಒಂದು ಕಡೆ ಗೋಡೆಯ ಮೇಲಿನ ಹಲ್ಲಿಯೇ ಹೌದೆಂದು ತಿಳಿಯಲು ಅರ್ಧ ಗಂಟೆ ಹಿಡಿಯಿತು. ಕಳೆದುಹೋದ ಹಕಾರಗಳನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ತಂದು ಕೂರಿಸಿದೆ. ನನ್ನ ಹಳೆಯ ಹುದ್ದೆ ಮತ್ತೆ ಸಿಕ್ಕಂತಾಯಿತು.

ಒಂಬತ್ತನೆಯ ದಿನ ಕೊನೆಯ ಪುಟಕ್ಕೆ ಬಂದೆವು. ಸಾಬರು ಅಪ್ಪನ ಮಾತು ಓದಿದರು: "ನೀನು ನನ್ನ ಮಗನಲ್ಲ. ಈ ಒಸಿಲು ಇನ್ನು ತುಳಿಯಬೇಡ. ಓಗು ಮಗನೇ, ಆಳಾಗು."

ಬರೆದೆ. ಪೆನ್ನು ನಿಂತಿತು. ಹೊಸಿಲು ತುಳಿಯಬೇಡ ಎಂದವನು ಮರುಕ್ಷಣ ಆಳಾಗು ಎಂದು ಹರಸುತ್ತಾನೆಯೇ? ಬೋರೇಗೌಡರ ಬಾಯಲ್ಲಿ ಹೋಗು ಓಗು ಆದರೆ, ಹಾಳಾಗು ಏನಾಗುತ್ತದೆ? ಅಂದು ಬೋರೇಗೌಡರ ಕಣ್ಣೀರು ನೋಡಿ ನಾವೆಲ್ಲ ಅತ್ತಿದ್ದೆವು. ಮೇಷ್ಟ್ರು ಬರೆದದ್ದು ಹರಕೆಯೋ ಶಾಪವೋ ಎಂದು ಒಬ್ಬರಿಗೂ ಸಂದೇಹ ಬಂದಿರಲಿಲ್ಲ.

ಬೆಸಗರಹಳ್ಳಿಗೆ ಹೋಗಿ ಮೊದಲು ಬೋರೇಗೌಡರನ್ನು ಕೇಳಿದೆ. ಅವರು ಗದ್ದೆಯ ಬದುವಿನ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. "ಮೇಷ್ಟ್ರು ಎಂಗೆ ಏಳ್ಕೊಟ್ರೋ ಅಂಗೇ ಅಂದೆ ಕಣ್ಲಾ. ಆಳಾಗು."

"ಅದರ ಮುಂದೆ ಹ ಇತ್ತಾ?"

"ಇದ್ರೂ ಅಂಗೇ ಅಂತೀನಿ, ಇಲ್ದಿದ್ರೂ ಅಂಗೇ ಅಂತೀನಿ. ಸಂಘದೋರೇ ಬರ್ದುಕೊಟ್ಟವ್ರಲ್ಲ, ನನ್ನ ಬಾಯ್ಗೆ ಕೈ ಆಕ್ಬಾರ್ದು ಅಂತ?"

ಅಲ್ಲಿಂದ ಮೇಷ್ಟ್ರ ಮನೆಗೆ ಹೋದೆ. ಸೋಮಣ್ಣ ಮಂಡ್ಯದಲ್ಲಿ ಕೆಲಸದ ಮೇಲಿದ್ದ. ಮೇಷ್ಟ್ರು ಗೋಡೆಗೆ ಒರಗಿ ಕುಳಿತಿದ್ದರು, ಮಲಗಿದರೆ ಉಸಿರು ಕಟ್ಟುತ್ತಿತ್ತು. ನಾನು ಹೊಸ ಪ್ರತಿಯನ್ನು ಅವರ ಮುಂದಿಟ್ಟು, ತಲೆ ಎತ್ತದೆ ಎಲ್ಲ ಒಪ್ಪಿಕೊಂಡೆ: ಕತ್ತರಿ, ಸುರುಳಿ, ಗೆದ್ದಲು, ಸಾಬರ ನೋಟುಬುಕ್ಕು. ಬೈಯುತ್ತಾರೆ ಎಂದುಕೊಂಡೆ, ಬೈದರೆ ಸಾಕು ಎಂದೂ ಅನ್ನಿಸಿತು. ಅವರು ಕೇಳಿದ್ದು ಒಂದೇ.

"ಬೋರಣ್ಣನ ಸುರುಳಿ ಎಲ್ಲಿ?"

"ಸಿಕ್ಕಲಿಲ್ಲ ಮೇಷ್ಟ್ರೇ."

"ಚೆನ್ನಾಗಿ ಹುಡುಕಿದ್ಯಾ?"

"ಸೂರೆಲ್ಲ ತಡಕಿದೆವು."

"ಸದ್ಯ" ಎಂದು ಅವರು ಕಣ್ಣು ಮುಚ್ಚಿಕೊಂಡರು. ನನಗೆ ಅರ್ಥವಾಗಲಿಲ್ಲ. ಕೊನೆಯ ಹಾಳೆಯನ್ನು ಕೈಯಲ್ಲಿ ಹಿಡಿದು ಕೇಳಿದೆ, "ಇಲ್ಲಿ ಏನು ಬರೆದಿದ್ರಿ? ಆಳಾಗು ಅಂತಲೋ..."

"ಹಾಳಾಗು ಅಂತ ಕಣಪ್ಪ." ಮುಂದಕ್ಕೆ ಬಾಗಿ, ಇದ್ದ ಉಸಿರನ್ನೆಲ್ಲ ಕೂಡಿಸಿ ಇನ್ನೊಮ್ಮೆ ಹೇಳಿದರು, "ಹಾಳಾಗು." ನನ್ನ ಕೈಯಲ್ಲಿದ್ದ ಹಾಳೆ ಅಲುಗಿತು.

ಸ್ವಲ್ಪ ಸುಧಾರಿಸಿಕೊಂಡು ಮಾತಾಡಿದರು. "ಇಡೀ ನಾಟಕ ಬರೆದದ್ದೇ ಆ ಒಂದು ಮಾತಿಗೆ. ಮನೇಲಿ ಅಂದದ್ದು ಸಾಲದು, ಊರ ಮುಂದೆ ಅವನ ಕಿವಿಗೆ ಬೀಳಲಿ ಅಂತ. ಅಷ್ಟು ಸಿಟ್ಟಿತ್ತು. ಬೋರಣ್ಣ ಅದನ್ನ ನುಂಗಿಬಿಟ್ಟ. ನಾಟಕ ಮುಗಿದ ಮೇಲೆ ಸೋಮ ಬಂದು ಕಾಲು ಮುಟ್ಟಿದ. 'ಆಳಾಗು ಅಂತ ಹರಸಿದ್ರಲ್ಲ ಅಪ್ಪಾ, ಇಷ್ಟು ಸಾಕು ನನಗೆ' ಅಂದ. ನಾನು ಏನು ಹೇಳಲಿ ನಂಜುಂಡ? ಅಲ್ಲ ಕಣೋ, ಅದು ಶಾಪ ಅನ್ನಲಾ?"

ನಾನು ನೀರಿನ ಚೊಂಬು ಎತ್ತಿಕೊಟ್ಟೆ, ಒಂದು ಗುಟುಕು ಕುಡಿದರು.

"ಅವನು ಅಚ್ಚು ಹಾಕಿಸ್ತೀನಿ ಅಂದಾಗಿಂದ ನನಗೆ ನಿದ್ದೆ ಇಲ್ಲ. ಮೂಲ ನೋಡಿದರೆ ಕಾಣುತ್ತಲ್ಲ. ಆ ಅಕ್ಷರ ಹೊಡೆದುಹಾಕೋಕೆ ಅಂತಲೇ ನಿನ್ನ ಕೈಲಿ ಪುಸ್ತಕ ಕೇಳ್ತಿದ್ದೆ. ನೀನು ಕತ್ತರಿಸಿದ್ದೇ ಒಳ್ಳೇದಾಯ್ತು. ಬರಿ. ಹ ಬೇಡ. ಯಾರಿಗೂ ಹೇಳಬೇಡ."

ಎಷ್ಟೋ ವರ್ಷ ಕಂಡವರ ಬಾಯಿಯ ಮುಂದೆ ಕಾಗದ ಹಿಡಿದು ಹಕಾರ ಕಾಯ್ದವನು ನಾನು. ಆ ಮಾತನ್ನು ಹಕಾರವಿಲ್ಲದೆ ದುಂಡಗೆ ಬರೆದೆ. ಹೊಸಿಲು ತುಳಿಯಬೇಡ ಎಂಬ ಮಾತನ್ನೂ ತೆಗೆಯಲೇ ಎಂದು ಕೇಳಿದೆ.

"ಅದಿರಲಿ. ಅದನ್ನ ಕೇಳಿಸ್ಕೊಂಡೂ ಅವನು ತುಳಿದನಲ್ಲ" ಎಂದರು ಮೇಷ್ಟ್ರು.

ಸೋಮಣ್ಣ ಹೇಗೋ ಕಾಗದ ಹೊಂದಿಸಿ, ಕಾರ್ಖಾನೆಯ ಗೆಳೆಯರನ್ನು ಸೇರಿಸಿಕೊಂಡು ಪುಸ್ತಕ ಅಚ್ಚು ಹಾಕಿಸಿದ. ಮೇಷ್ಟ್ರು ಅದನ್ನು ಕಣ್ಣಿಂದ ನೋಡಿಯೇ ಹೋದರು. ಸೋಮಣ್ಣ ಮುಂದೆ ಕಾರ್ಖಾನೆಯ ಕಾರ್ಮಿಕರ ಮುಖಂಡನಾಗಿ ಎಲ್ಲಿ ಭಾಷಣ ಮಾಡಿದರೂ "ನಮ್ಮಪ್ಪ ನನ್ನನ್ನು ಆಳಾಗು ಎಂದು ಹರಸಿ ಕಳಿಸಿದವರು" ಎಂದೇ ಶುರು ಮಾಡುತ್ತಿದ್ದ. ಎಷ್ಟೋ ಸಭೆಗಳಲ್ಲಿ ನಾನು ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದ್ದೇನೆ, ಒಂದು ಸಲವೂ ತಿದ್ದಲಿಲ್ಲ.

ಇನ್ನೊಂದು ಉಳಿಯಿತು. ಅದೇ ಬೇಸಿಗೆಯಲ್ಲಿ ಬೋರೇಗೌಡರ ಮನೆಯ ಹೆಂಚು ಕೈಯಾಡಿಸುವಾಗ ಸುರುಳಿ ಕೆಳಗೆ ಬಿತ್ತು. ಅವರ ಹೆಂಡತಿ ಅದನ್ನು ಸೆರಗಿನಲ್ಲಿ ಒರೆಸಿ ನನಗೆ ತಂದುಕೊಟ್ಟರು. ಬಿಚ್ಚಿ ನೋಡಿದೆ. ಗೆದ್ದಲು ಮುಟ್ಟಿರಲಿಲ್ಲ. ಕೊನೆಯ ಚೂರಿನಲ್ಲಿ ಆ ಹಕಾರವಿತ್ತು, ಪೆನ್ನಿನ ಮೊನೆ ಕಾಗದ ಹರಿಯುವಷ್ಟು ಒತ್ತಿ ಬರೆದದ್ದು. ನೇರವಾಗಿ ಜಬ್ಬಾರ್ ಸಾಬರ ಅಂಗಡಿಗೆ ನಡೆದು, ಬೆಸುಗೆಯ ಇದ್ದಿಲ ಒಲೆಗೆ ಸುರುಳಿಯನ್ನು ಹಾಕಿದೆ. ಹುಣಸೆ ಅಂಟು ಸುಟ್ಟ ವಾಸನೆ ಬಂತು.

"ಏನದು ನಂಜುಂಡಣ್ಣ?"

"ಒಂದು ಅಕ್ಷರ ಸಾಬರೇ. ಹ."

ಸುರುಳಿ ಉರಿದು ಮುಗಿಯುವವರೆಗೂ ಸಾಬರು ನೋಡಿದರು. ಏನು ತಿಳಿಯಿತೋ, ಎಷ್ಟು ತಿಳಿಯಿತೋ, ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಮತ್ತೆ ಬೆಸುಗೆ ಕೆಲಸ ಕೈಗೆತ್ತಿಕೊಳ್ಳುತ್ತ ಅಂದರು:

"ನನ್ನ ಪುಸ್ತಕದಾಗೆ ಅದು ಮೊದ್ಲಿಂದ್ಲೂ ಇಲ್ಲ ಬುಡಿ."